ಯಾರು ಕಂಡವರು ಮೇಷ್ಟ್ರೇ?

ಕಳೆದ ಬೇಸಗೆಯಲ್ಲಿ ಚನ್ನಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಬೀಗರ ಊಟ. ಮುದ್ದೆ, ಮಟನ್ ಸಾರು ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಶಾಮಿಯಾನದ ಕೆಳಗೆ ನಾಲ್ಕು ಜನ ಕೂತಿದ್ದೆವು. ಇಪ್ಪತ್ತೈದು ವರ್ಷದ ಹಿಂದೆ ನನ್ನ ಕೈಯಲ್ಲಿ ಹತ್ತನೇ ತರಗತಿ ಓದಿದ ಹುಡುಗ, ಈಗ ರಾಮನಗರದಲ್ಲಿ ರೀಲರ್, ಮೊಬೈಲು ಹಿಡಿದುಕೊಂಡು ಪಕ್ಕಕ್ಕೆ ಬಂದು ಕೂತ. "ಇದನ್ನ ನೋಡಿ ಮೇಷ್ಟ್ರೇ. ಬಿಗ್ ಬ್ಯಾಂಗ್ ಎಲ್ಲ ಸುಳ್ಳಂತೆ. ಅಮೆರಿಕದವ್ರು ಬಿಟ್ಟಿರೋ ಹೊಸ ಟೆಲಿಸ್ಕೋಪಲ್ಲೇ ಗೊತ್ತಾಗದಂತೆ." ನಾನು ವಿಡಿಯೊ ನೋಡಿದೆ. ಏನೋ ಹೇಳಲು ಹೊರಟೆ. ಅವನು ನಗುತ್ತಾ ತಡೆದ. "ಅಲ್ಲಾ ಮೇಷ್ಟ್ರೇ, ಸಾವಿರದ ಮುನ್ನೂರು ಕೋಟಿ ವರ್ಷದ ಹಿಂದೆ ಆಗಿದ್ದನ್ನ ಯಾರು ಕಂಡವ್ರೆ?"

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನಗು ನಿಂತದ್ದು ಅವನ ಮಗಳು ಬಾಯಿ ತೆರೆದಾಗ. ಅವಳು ಈ ವರ್ಷ ಹತ್ತನೇ ತರಗತಿ. "ಸಾರ್, ಪರೀಕ್ಷೆಗೆ ಬರೀರಿ, ನಂಬಬೇಡಿ ಅಂತ ನೀವೇ ಹೇಳ್ತಿದ್ರಂತೆ. ಅಪ್ಪ ಯಾವಾಗಲೂ ಹೇಳ್ತಾರೆ."

ಹೌದು, ಹೇಳುತ್ತಿದ್ದೆ. ವಿಶ್ವದ ಉಗಮದ ಮಾತು ಪಾಠದಲ್ಲಿ ಬಂದಾಗಲೆಲ್ಲ ಒಂದೋ ಎರಡೋ ಹುಡುಗರು ಕೈ ಎತ್ತುತ್ತಿದ್ದರು. ಸಿಲಬಸ್ ಮುಗಿಸುವ ಅವಸರದಲ್ಲಿ, ಯಾರ ಮನೆಯ ನಂಬಿಕೆಗೂ ನೋವಾಗದಿರಲಿ ಎಂಬ ಜಾಣತನದಲ್ಲಿ, ಆ ಒಂದು ಸಾಲು ಎಸೆದು ಮುಂದಕ್ಕೆ ಹೋಗುತ್ತಿದ್ದೆ. ಆ ಸಾಲು ನನಗಿಂತ ಹೆಚ್ಚು ಬಾಳಿದೆ, ಎರಡನೇ ತಲೆಮಾರಿಗೂ ದಾಟಿದೆ. ಈ ಬರಹ ಆ ಸಾಲಿಗೆ ನಾನು ಕಟ್ಟುತ್ತಿರುವ ದಂಡ.

ನನ್ನ ತಕರಾರು ಸಂದೇಹದ ಮೇಲಲ್ಲ. ಅನುಮಾನಪಡುವವರು ನಮಗೆ ಬೇಕು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬಾರದು ಎಂದು ಜೀವಮಾನವಿಡೀ ಹೇಳಿದ ಎಚ್. ನರಸಿಂಹಯ್ಯನವರ ನಾಡು ಇದು. ಆದರೆ ಎಚ್.ಎನ್. ಪ್ರಶ್ನೆ ಕೇಳಿ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತವರಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಸಮಿತಿಯನ್ನೇ ರಚಿಸಿದರು. ಪ್ರಶ್ನೆ ಅವರಿಗೆ ಕೆಲಸದ ಆರಂಭವಾಗಿತ್ತು. ನಮ್ಮ ಕಡೆಯ ಈಚಿನ ಸಂದೇಹವಾದಿಗಳಿಗೆ ಪ್ರಶ್ನೆಯೇ ಕೆಲಸದ ಮುಕ್ತಾಯ. ಅವರು ಜಾಸ್ತಿ ಅನುಮಾನಪಡುತ್ತಾರೆ ಎಂಬುದು ನನ್ನ ದೂರಲ್ಲ. ಅವರ ಅನುಮಾನ ಸಾಲದು ಎಂಬುದು ನನ್ನ ದೂರು.

ಮೊದಲು "ಯಾರು ಕಂಡವರು" ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಇದನ್ನು ಕೇಳಿದವನು ರಾಮನಗರದ ರೀಲರ್. ಅವನ ಬದುಕು ನಡೆಯುವುದೇ ತಾನು ಕಾಣದ್ದನ್ನು ಲೆಕ್ಕ ಹಾಕುವುದರಿಂದ. ಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟಿನ ಮುಂದೆ ನಿಂತು ಅವನು ಹಿಡಿ ಗೂಡು ಎತ್ತಿಕೊಳ್ಳುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಬೆರಳಲ್ಲಿ ಒತ್ತಿ ಗಟ್ಟಿತನ ನೋಡುತ್ತಾನೆ, ಕಲೆಯಾದ ಗೂಡು ಎಷ್ಟಿದೆ ಎಂದು ಕಣ್ಣಳತೆ ಮಾಡುತ್ತಾನೆ. ಒಳಗಿನ ಹುಳು ಸರಿಯಾಗಿದೆಯೇ, ಕರಗಿ ಹೋಗಿದೆಯೇ, ಚಂದ್ರಿಕೆಯಲ್ಲಿ ಗೂಡು ಕಟ್ಟುವಾಗ ಗಾಳಿ ಬೆಳಕು ಸರಿಯಿತ್ತೇ, ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾದೀತು, ರೆಂಡಿಟ್ಟಾ ಎಷ್ಟು ಬಂದೀತು, ಎಲ್ಲವನ್ನೂ ಅಷ್ಟರಲ್ಲೇ ಅಂದಾಜು ಮಾಡಿ ಸಾವಿರಾರು ರೂಪಾಯಿ ಕೂಗುತ್ತಾನೆ. ಆ ಹುಳು ನೂಲು ಸುತ್ತಿದ್ದನ್ನು ಅವನು ಕಂಡನೇ? ಎಲ್ಲೋ ಮಂಡ್ಯದ ಕಡೆಯ ಹಳ್ಳಿಯ ಹುಳುಮನೆಯಲ್ಲಿ, ರಾತ್ರಿಯ ಕತ್ತಲಲ್ಲಿ ನಡೆದದ್ದು ಅದು. ಕಾಣಲಿಲ್ಲ. ಕಾಣದೆ ಹೋದದ್ದರಿಂದ ಗೂಡು ಸುಳ್ಳಾಗಲಿಲ್ಲ. ಏಕೆಂದರೆ ಆದದ್ದು ಗುರುತು ಬಿಟ್ಟು ಹೋಗುತ್ತದೆ, ಓದಲು ಬಂದವನಿಗೆ ಗುರುತೇ ಸಾಕ್ಷಿ.

ಅದೇ ಊರಿನ ಬಂಡೆಗಳನ್ನು ನೋಡಿ. 'ಶೋಲೆ' ಸಿನಿಮಾದವರು ಬರುವ ಮೊದಲೂ ಅವು ಅಲ್ಲೇ ಇದ್ದವು. ಟಿಪ್ಪುವಿನ ಕಾಲದಲ್ಲಿ ಊರು ಶಂಶೇರಾಬಾದ್. ಆಮೇಲೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ. ಆಮೇಲೆ ರಾಮನಗರ. 2007ರಲ್ಲಿ ಅದೇ ಹೆಸರಿನ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಇಷ್ಟೆಲ್ಲ ಹೆಸರು ಬದಲಾದರೂ ಭೂವಿಜ್ಞಾನಿಗಳ ಪುಸ್ತಕದಲ್ಲಿ ನಮ್ಮ ಬಂಡೆ ಇನ್ನೂ ಕ್ಲೋಸ್‌ಪೇಟೆ ಗ್ರಾನೈಟ್. ಮೈಸೂರು ರಾಜ್ಯದ ಭೂವಿಜ್ಞಾನ ಇಲಾಖೆಯವರು, ಮುಂದೆ ಬಿ.ಪಿ. ರಾಧಾಕೃಷ್ಣ ಅವರಂಥವರು ಇದರ ಬೆನ್ನು ಹತ್ತಿ ನಡೆದರು. ತೆಂಕಲಿಂದ ಬಡಗಲಿಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹರಡಿದ ಈ ಗ್ರಾನೈಟ್ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ.

ಈ ಲೆಕ್ಕ ಬಂದದ್ದು ಹೇಗೆ? ಗ್ರಾನೈಟಿನೊಳಗೆ ಜಿರ್ಕಾನ್ ಎಂಬ ಕಣ್ಣಿಗೆ ಬೀಳದಷ್ಟು ಸಣ್ಣ ಹರಳುಗಳಿರುತ್ತವೆ. ಕರಗಿದ ಶಿಲೆ ತಣಿದು ಆ ಹರಳು ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಆಮೇಲೆ ಒಳಗಿನ ಯುರೇನಿಯಂ ತನ್ನ ಪಾಡಿಗೆ ಸೀಸವಾಗುತ್ತಾ ಹೋಗುತ್ತದೆ. ಈಗ ಹರಳಿನೊಳಗೆ ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟು ಆಗಿದೆ ಎಂದು ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ಸ್ವಾರಸ್ಯ ಇರುವುದು ಮುಂದೆ. ಯುರೇನಿಯಂನಲ್ಲಿ ಎರಡು ಬಗೆಯಿವೆ. ಒಂದು ಅರ್ಧವಾಗಲು ಸುಮಾರು 447 ಕೋಟಿ ವರ್ಷ ಬೇಕು, ಇನ್ನೊಂದಕ್ಕೆ ಸುಮಾರು 70 ಕೋಟಿ ವರ್ಷ. ಎರಡೂ ಬೇರೆ ಬೇರೆ ಬಗೆಯ ಸೀಸವಾಗುತ್ತವೆ. ಅಂದರೆ ಒಂದೇ ಹರಳಿನೊಳಗೆ ಬೇರೆ ಬೇರೆ ವೇಗದಲ್ಲಿ ಓಡುವ ಎರಡು ಗಡಿಯಾರ. ಎರಡೂ ಒಂದೇ ಹೊತ್ತು ತೋರಿಸಿದರೆ ಆ ವಯಸ್ಸನ್ನು ನಂಬುತ್ತಾರೆ. ತೋರಿಸದಿದ್ದರೆ ಹರಳಿಗೆ ಮಧ್ಯೆ ಏನೋ ಆಗಿದೆ ಎಂದು ಅನುಮಾನಿಸುತ್ತಾರೆ. ಕೋರ್ಟಿನಲ್ಲಿ ಒಬ್ಬರನ್ನೊಬ್ಬರು ಅರಿಯದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಾವು ಏನು ಮಾಡುತ್ತೇವೆ?

ಬಂಡೆಯ ವಯಸ್ಸು ವಿಶ್ವದ ವಯಸ್ಸಲ್ಲ, ಒಪ್ಪಿದೆ. ಆದರೆ ವಿಶ್ವದ ವಿಷಯದಲ್ಲಿ "ಯಾರು ಕಂಡವರು" ಎಂಬ ಪ್ರಶ್ನೆ ಇನ್ನೂ ಬೇಗ ಬೀಳುತ್ತದೆ. ಏಕೆಂದರೆ ಅಲ್ಲಿ ಹಳೆಯದನ್ನು ನಾವು ನಿಜಕ್ಕೂ ಕಾಣುತ್ತೇವೆ. ಬೆಳಕಿಗೆ ನಡೆಯಲು ಹೊತ್ತು ಬೇಕು. ಈಗ ಮುಖಕ್ಕೆ ಬೀಳುವ ಬಿಸಿಲು ಸೂರ್ಯನನ್ನು ಬಿಟ್ಟು ಎಂಟು ನಿಮಿಷದ ಮೇಲಾಗಿದೆ. ಅಮಾವಾಸ್ಯೆಯ ರಾತ್ರಿ ಊರ ದೀಪಗಳಿಂದ ದೂರ ಹೋದರೆ ಬರಿಗಣ್ಣಿಗೆ ಮಸುಕಾಗಿ ಕಾಣುವ ಆಂಡ್ರೊಮಿಡ ಗೆಲಾಕ್ಸಿಯ ಬೆಳಕು ಸುಮಾರು 25 ಲಕ್ಷ ವರ್ಷ ಹಳೆಯದು. ಇನ್ನೂ ದೂರ ನೋಡಿದಷ್ಟೂ ಇನ್ನೂ ಹಿಂದಕ್ಕೆ ನೋಡಿದಂತೆ.

ಹೀಗೆ ನೋಡಬಹುದಾದ ಕೊನೆಯ ಬೆಳಕು 1965ರಲ್ಲಿ ಸಿಕ್ಕಿತು. ಅಮೆರಿಕದ ನ್ಯೂ ಜೆರ್ಸಿಯಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ತಮ್ಮ ದೊಡ್ಡ ಆಂಟೆನಾದಲ್ಲಿ ಬರುತ್ತಿದ್ದ ಗೊರಗೊರ ಸದ್ದನ್ನು ನಿಲ್ಲಿಸಲು ಪರದಾಡುತ್ತಿದ್ದರು. ಅವರು ಮೊದಲು ಅನುಮಾನಿಸಿದ್ದು ತಮ್ಮ ಉಪಕರಣವನ್ನು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ ಹಿಕ್ಕೆ ಬಳಿದರು. ಸದ್ದು ನಿಲ್ಲಲಿಲ್ಲ. ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಬರುತ್ತಿತ್ತು. ವಿಶ್ವ ಹುಟ್ಟಿ ಸುಮಾರು 3.8 ಲಕ್ಷ ವರ್ಷವಾದಾಗ, ಎಲ್ಲವೂ ಕುಲುಮೆಯಂತೆ ಸುಮಾರು 3000 ಡಿಗ್ರಿ ಬಿಸಿಯಿದ್ದಾಗ ಹೊರಟ ಬೆಳಕು ಅದು. ವಿಶ್ವ ಹಿಗ್ಗಿದಂತೆ ತಾನೂ ಹಿಗ್ಗಿ ತಣಿದು ಈಗ ನಿರಪೇಕ್ಷ ಸೊನ್ನೆಗಿಂತ 2.7 ಡಿಗ್ರಿ ಮೇಲಷ್ಟೇ ಉಳಿದಿದೆ. ಇಂಥ ತಣ್ಣನೆಯ ಬೆಳಕು ಇರಲೇಬೇಕು, ಸುಮಾರು 5 ಡಿಗ್ರಿ ಇರಬೇಕು ಎಂದು ಆಲ್ಫರ್ ಮತ್ತು ಹರ್ಮನ್ 1948ರಲ್ಲೇ ಲೆಕ್ಕ ಹಾಕಿದ್ದರು. ಮೊದಲು ಲೆಕ್ಕ, ಹದಿನೇಳು ವರ್ಷದ ಮೇಲೆ ಸಾಕ್ಷಿ. ಹಳೆಯ ಕಾಲದ ಟಿವಿಯಲ್ಲಿ ಚಾನೆಲ್ ಸಿಗದಾಗ ಪರದೆಯ ಮೇಲೆ ಇರುವೆ ಹರಿದಂತೆ ಕಾಣುತ್ತಿತ್ತಲ್ಲ, ಅದರಲ್ಲಿ ಒಂದು ಸಣ್ಣ ಪಾಲು ಈ ಬೆಳಕಿನದೇ. ಯಾರು ಕಂಡವರು ಎಂದು ಕೇಳಿದ ನನ್ನ ಶಿಷ್ಯನೇ ಕಂಡಿದ್ದಾನೆ. ಆಂಟೆನಾ ತಿರುಗಿಸಲು ಛಾವಣಿ ಹತ್ತಿದ್ದವನೂ ಅವನೇ.

ಕನಕಪುರದ ಕಡೆಯಲ್ಲಿ ಇದೇ ವಾದ ಬೇರೆ ವೇಷ ಹಾಕುತ್ತದೆ. ಅಲ್ಲಿ ಕಲ್ಲು ಕ್ವಾರಿ ಬಲ್ಲವರು ಹೆಚ್ಚು. ಸಂಗಮದ ದಾರಿಯ ಟೀ ಅಂಗಡಿಯಲ್ಲಿ ಒಬ್ಬರು ನನ್ನನ್ನು ಕೇಳಿದರು: "ನಾನು ಮೂವತ್ತು ವರ್ಷ ಬಂಡೆಗೆ ಮದ್ದು ಇಟ್ಟವನು ಸ್ವಾಮಿ. ಮದ್ದು ಸಿಡಿದರೆ ಜಲ್ಲಿ ಬರುತ್ತೆ, ದಿಂಡು ಬರುತ್ತೆ. ಯಾವತ್ತಾದರೂ ಗುಡಿ ಬಂದಿದ್ದುಂಟಾ? ಒಂದು ಸ್ಫೋಟದಿಂದ ಸೂರ್ಯ ಚಂದ್ರ ಆಯಿತು ಅಂತೀರಲ್ಲ!"

ಕೈಕಸುಬಿನಿಂದ ಹುಟ್ಟಿದ ಪ್ರಶ್ನೆ ಇದು, ಆದ್ದರಿಂದ ಗೌರವ ಕೊಡಬೇಕು. ತಪ್ಪು ಅವರದಲ್ಲ, ನಾವು ಕೊಟ್ಟ ಹೆಸರಿನದು. 'ಬಿಗ್ ಬ್ಯಾಂಗ್' ಎಂಬ ಹೆಸರು ಇಟ್ಟದ್ದು ಈ ಸಿದ್ಧಾಂತವನ್ನು ಒಪ್ಪದ ಫ್ರೆಡ್ ಹಾಯ್ಲ್, 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ. ನಾವು ಅದನ್ನು 'ಮಹಾಸ್ಫೋಟ' ಎಂದು ಕನ್ನಡಕ್ಕೆ ತಂದು, ತರಗತಿಯ ಗೋಡೆಯಲ್ಲಿ ಕಿತ್ತಳೆ ಬಣ್ಣದ ಬೆಂಕಿಯ ಚಿತ್ರ ಅಂಟಿಸಿದೆವು. ಆ ಸಿದ್ಧಾಂತ ಹೇಳುವುದು ಖಾಲಿ ಜಾಗದ ನಡುವೆ ಯಾವುದೋ ಗುಂಡು ಸಿಡಿಯಿತು ಎಂದಲ್ಲ. ಜಾಗವೇ ಎಲ್ಲೆಲ್ಲೂ ಹಿಗ್ಗುತ್ತಿದೆ ಎಂದು. ಬೇಕರಿಯಲ್ಲಿ ಬನ್ನಿನ ಹಿಟ್ಟು ಉಬ್ಬುವುದನ್ನು ನೋಡಿ. ಒಳಗಿನ ಟೂಟಿ ಫ್ರೂಟಿ ಚೂರುಗಳು ಒಂದರಿಂದ ಒಂದು ದೂರವಾಗುತ್ತವೆ. ಯಾವ ಚೂರೂ ಓಡುತ್ತಿಲ್ಲ, ನಡುವಿನ ಹಿಟ್ಟು ಬೆಳೆಯುತ್ತಿದೆ. ಯಾವ ಚೂರಿನ ಮೇಲೆ ಕೂತು ನೋಡಿದರೂ ಮಿಕ್ಕವೆಲ್ಲ ದೂರ ಹೋದಂತೆ, ಹೆಚ್ಚು ದೂರದ್ದು ಹೆಚ್ಚು ವೇಗದಲ್ಲಿ ಹೋದಂತೆ ಕಾಣುತ್ತದೆ. 1929ರಲ್ಲಿ ಹಬಲ್ ತೋರಿಸಿದ್ದು ಇದನ್ನೇ.

ಇನ್ನು ಗುಡಿಯ ಮಾತು. ಮದ್ದು ಸಿಡಿದ ಮೇಲೆ ಜಲ್ಲಿಯನ್ನು ಒಟ್ಟುಗೂಡಿಸುವ ಶಕ್ತಿ ಕ್ವಾರಿಯಲ್ಲಿ ಇಲ್ಲ. ಆಕಾಶದಲ್ಲಿ ಇದೆ, ಅದರ ಹೆಸರು ಗುರುತ್ವ. ಎಲ್ಲಿ ದ್ರವ್ಯ ಒಂದಿಷ್ಟು ಹೆಚ್ಚಿತ್ತೋ ಅಲ್ಲಿ ಇನ್ನಷ್ಟು ಸೇರಿತು, ಸೇರಿದ್ದು ಒತ್ತಡದಿಂದ ಬಿಸಿಯಾಯಿತು, ಉರಿಯಿತು, ನಕ್ಷತ್ರವಾಯಿತು. ಆರಂಭದ ಬಿಸಿಯಲ್ಲಿ ಎಷ್ಟು ಜಲಜನಕ, ಎಷ್ಟು ಹೀಲಿಯಂ ಆಗಿರಬೇಕು ಎಂಬುದಕ್ಕೂ ಲೆಕ್ಕವಿದೆ. ತೂಕದಲ್ಲಿ ಸುಮಾರು ಮುಕ್ಕಾಲು ಜಲಜನಕ, ಕಾಲು ಹೀಲಿಯಂ. ಅತಿ ಹಳೆಯ ಅನಿಲ ಮೋಡಗಳಲ್ಲಿ ಅಳೆದಾಗಲೂ ಹತ್ತಿರ ಹತ್ತಿರ ಅದೇ ಬರುತ್ತದೆ. ಸಿಡಿತದ ಸದ್ದು ನಮ್ಮ ಅನುವಾದದಲ್ಲಿತ್ತು, ಸಿದ್ಧಾಂತದಲ್ಲಿ ಇರಲಿಲ್ಲ. ಮೇಷ್ಟ್ರುಗಳಾದ ನಾವು ಇಷ್ಟನ್ನು ಹೇಳಿದ್ದರೆ ಆ ಹಿರಿಯರು ಮೂವತ್ತು ವರ್ಷ ತಪ್ಪು ಶತ್ರುವಿನ ಜೊತೆ ಕಾದಾಡುತ್ತಿರಲಿಲ್ಲ.

ಚನ್ನಪಟ್ಟಣದಲ್ಲಿ ವಾದ ಬೊಂಬೆಯ ಮೂಲಕ ಬರುತ್ತದೆ. ಬೊಂಬೆ ಇದ್ದ ಮೇಲೆ ಬೊಂಬೆ ಕಡೆದವನು ಇರಲೇಬೇಕಲ್ಲ? ಕೇಳಲು ಸೊಗಸಾಗಿದೆ. ಆದರೆ ಬೊಂಬೆ ಮಾಡುವವರ ಮನೆಗೆ ಹೋಗಿ ನೋಡಿ. ಆಲೆ ಮರ ಮೊದಲೇ ಇರುತ್ತದೆ, ಅದು ಒಣಗಿರಬೇಕು. ಅರಗು ಇರುತ್ತದೆ, ಬಣ್ಣ ಇರುತ್ತದೆ, ತಿರುಗುವ ಲೇತ್ ಇರುತ್ತದೆ. ಕಸುಬುದಾರ ಮರವನ್ನು ಹುಟ್ಟಿಸುವುದಿಲ್ಲ, ಇರುವ ಮರಕ್ಕೆ ರೂಪ ಕೊಡುತ್ತಾನೆ. ಈ ಹೋಲಿಕೆಯನ್ನು ನಂಬಿದರೆ ವಿಶ್ವ ಕಡೆದವನಿಗೂ ಮರ ಕೊಟ್ಟವರು ಯಾರು ಎಂದು ಕೇಳಬೇಕಾಗುತ್ತದೆ. ಅಲ್ಲಿಗೆ ನಾವು ಹೊರಟ ಜಾಗಕ್ಕೇ ವಾಪಸು.

ಅದಕ್ಕಿಂತ ಮುಖ್ಯವಾದ ಮಾತು ಬೇರೆ. ಬೊಂಬೆ ಯಾರು ಮಾಡಿದರು ಎಂಬುದೂ ಬೊಂಬೆ ಹೇಗೆ ಆಯಿತು ಎಂಬುದೂ ಎರಡು ಪ್ರಶ್ನೆ. ಅರಗು ಬಿಸಿಗೆ ಕರಗಿ ಮರಕ್ಕೆ ಹತ್ತಿತು ಎಂದು ಯಾರಾದರೂ ವಿವರಿಸಿದರೆ ಕುಶಲಕರ್ಮಿಗೆ ಅವಮಾನವಾಗುವುದಿಲ್ಲ. ದೇವರಿದ್ದಾನೆ ಎನ್ನುವವರ ಬಾಗಿಲನ್ನು ಈ ಸಿದ್ಧಾಂತ ಮುಚ್ಚಿಲ್ಲ. ವಿಶ್ವ ಹಿಗ್ಗುತ್ತಿದೆ ಎಂಬುದನ್ನು 1927ರಲ್ಲಿ, ಹಬಲ್‌ಗಿಂತ ಮೊದಲೇ, ಗಣಿತದಿಂದ ಹೇಳಿದ ಜಾರ್ಜ್ ಲೆಮೆತ್ರ್ ಒಬ್ಬ ಕ್ರೈಸ್ತ ಪಾದ್ರಿ. 1951ರಲ್ಲಿ ಪೋಪ್ ಇದನ್ನೇ ಸೃಷ್ಟಿಗೆ ಪುರಾವೆ ಎಂಬಂತೆ ಮಾತಾಡಿದಾಗ ಅದು ಲೆಮೆತ್ರ್‌ಗೆ ಹಿಡಿಸಲಿಲ್ಲ. ತನ್ನ ನಂಬಿಕೆಗೆ ತನ್ನ ಲೆಕ್ಕವನ್ನು ಊರುಗೋಲು ಮಾಡಿಕೊಳ್ಳಲು ಆ ಪಾದ್ರಿಗೆ ಮನಸ್ಸಿರಲಿಲ್ಲ. ನಮ್ಮಲ್ಲಿ ಇಂಥ ಸಂಕೋಚ ಎಷ್ಟು ಜನರಿಗಿದೆ?

ಇಷ್ಟಾದ ಮೇಲೂ ಒಂದು ವಾದ ಉಳಿಯುತ್ತದೆ, ಎಲ್ಲಕ್ಕಿಂತ ಗಟ್ಟಿಯಾದದ್ದು. ಅದನ್ನು ನನ್ನ ಮುಂದಿಟ್ಟವರು ಮಾಗಡಿಯ ಗೆಳೆಯರೊಬ್ಬರು. ಅವರು ಓದಿಕೊಂಡವರು, ಮೊಬೈಲಿನ ವಿಡಿಯೊ ನಂಬಿ ಮಾತಾಡುವವರಲ್ಲ. ಸಾವನದುರ್ಗದ ಕರಿಗುಡ್ಡವನ್ನು ಅರ್ಧ ಹತ್ತಿ ಉಸಿರು ತಿರುಗಿಸಿಕೊಳ್ಳುವಾಗ ಹೇಳಿದರು: "ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ ಕಣಯ್ಯ. ನಮ್ಮ ನಾರ್ಳೀಕರ್ ಕೊನೆಯವರೆಗೂ ಒಪ್ಪಲಿಲ್ಲ. ವಿಶ್ವದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಏನು ಅಂತಲೇ ಗೊತ್ತಿಲ್ಲ ಅಂತಾರೆ. ಹಿಗ್ಗುವ ವೇಗ ಒಬ್ಬರು ಅರವತ್ತೇಳು ಅಂತಾರೆ, ಇನ್ನೊಬ್ಬರು ಎಪ್ಪತ್ತಮೂರು ಅಂತಾರೆ. ಇಂಥದ್ದನ್ನ ಮಕ್ಕಳಿಗೆ ಸತ್ಯ ಅಂತ ಹೇಳೋದಾ?"

ಪ್ರತಿಯೊಂದೂ ನಿಜ. ಕಪ್ಪು ದ್ರವ್ಯ, ಕಪ್ಪು ಶಕ್ತಿ ಎಂದು ಹೆಸರಿಟ್ಟಿರುವುದು ನಮ್ಮ ಅಜ್ಞಾನಕ್ಕೆ. ಎಲ್ಲಕ್ಕೂ ಮೊದಲ ಆ ಕ್ಷಣದಲ್ಲಿ ಏನಾಯಿತು, ಅದಕ್ಕೂ ಮೊದಲು ಎಂಬುದಕ್ಕೆ ಅರ್ಥವಿದೆಯೇ, ಈಗಿನ ಭೌತಶಾಸ್ತ್ರಕ್ಕೆ ತಿಳಿಯದು. ಆದರೆ ಅರವತ್ತೇಳು, ಎಪ್ಪತ್ತಮೂರರ ಜಗಳವನ್ನು ಸರಿಯಾಗಿ ನೋಡಿ. ಗೂಡಿನ ಮಾರುಕಟ್ಟೆಯ ಎರಡು ತಕ್ಕಡಿಗಳಲ್ಲಿ ಒಂದು 67 ಕಿಲೋ, ಇನ್ನೊಂದು 73 ಕಿಲೋ ತೋರಿಸಿದರೆ ಜಗಳ ಆಗಬೇಕು, ತಕ್ಕಡಿ ಪರೀಕ್ಷೆಯಾಗಬೇಕು. ಆದರೆ ಆ ಜಗಳ ನೋಡಿ "ಹಾಗಾದರೆ ಗೂಡೇ ಇಲ್ಲ" ಎಂದು ಯಾರೂ ಮನೆಗೆ ಹೋಗುವುದಿಲ್ಲ. ಬೀಗರ ಊಟದಲ್ಲಿ ನಾನು ನೋಡಿದ ವಿಡಿಯೊ ಮಾಡುವುದು ಅದನ್ನೇ. 2022ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳು ಬಂದವು. ಅತಿ ದೂರದ ಗೆಲಾಕ್ಸಿಗಳು ಎಣಿಸಿದ್ದಕ್ಕಿಂತ ಹೆಚ್ಚು ಬೆಳಗುತ್ತಿದ್ದವು, ಇಷ್ಟು ಬೇಗ ಹೇಗೆ ಬೆಳೆದವು ಎಂದು ವಿಜ್ಞಾನಿಗಳು ತಲೆ ಕೆಡಿಸಿಕೊಂಡರು. ಮುಂದಿನ ತಿಂಗಳಲ್ಲೇ ಮಹಾಸ್ಫೋಟ ನಡೆದೇ ಇಲ್ಲ ಎಂಬ ಲೇಖನವೊಂದು ಜಗತ್ತು ಸುತ್ತಿತು. ಅದರಲ್ಲಿ ಖಗೋಳವಿಜ್ಞಾನಿಯೊಬ್ಬರ ಮಾತನ್ನು ಸಂದರ್ಭ ಕಿತ್ತು ಬಳಸಲಾಗಿತ್ತು. ಅದನ್ನು ಆಕ್ಷೇಪಿಸಿದವರು ಆ ವಿಜ್ಞಾನಿಯೇ. ಆಕ್ಷೇಪ ನಮ್ಮ ಮೊಬೈಲಿಗೆ ಬರಲಿಲ್ಲ. ಲೇಖನದ ಮರಿ ವಿಡಿಯೊಗಳು ಬಂದವು, ಇನ್ನೂ ಬರುತ್ತಿವೆ.

ಇನ್ನು ನಾರ್ಳೀಕರ್. ಜಯಂತ ನಾರ್ಳೀಕರ್ ಮಹಾಸ್ಫೋಟವನ್ನು ಒಪ್ಪಲಿಲ್ಲ ಎಂಬುದನ್ನು ನಮ್ಮ ಸಂದೇಹವಾದಿಗಳು ಟ್ರಂಪ್ ಕಾರ್ಡಿನಂತೆ ಎಸೆಯುತ್ತಾರೆ. ಅವರು ಹಾಯ್ಲ್ ಜೊತೆ ಸೇರಿ 1960ರ ದಶಕದಿಂದ ದುಡಿದರು. 1993ರಲ್ಲಿ ಹಾಯ್ಲ್, ಬರ್ಬಿಜ್ ಜೊತೆ ಸೇರಿ ವಿಶ್ವಕ್ಕೆ ಒಂದೇ ಆರಂಭ ಬೇಡವೆನ್ನುವ ಹೊಸ ಮಾದರಿಯನ್ನು ಮುಂದಿಟ್ಟರು. ಆ 2.7 ಡಿಗ್ರಿಯ ಬೆಳಕು ಹುಟ್ಟು ಬಿಸಿಯದಲ್ಲ, ನಕ್ಷತ್ರಗಳ ಬೆಳಕೇ ಸೂಜಿಯಂಥ ಲೋಹದ ಕಣಗಳಿಗೆ ತಾಗಿ ಹಾಗಾಗಿದೆ ಎಂದು ವಾದಿಸಿದರು. ನೋಡಿ, ವಿರೋಧಿಸುವವರಿಗೂ ಆ ಬೆಳಕಿಗೆ ಲೆಕ್ಕ ಕೊಡುವ ಹೊಣೆ ತಪ್ಪಲಿಲ್ಲ. ಅವರು ಹೊಣೆ ಹೊತ್ತರು, ಅಳೆಯಬಹುದಾದ ಮಾತು ಆಡಿದರು, ಹೆಚ್ಚಿನವರು ಒಪ್ಪದಿದ್ದಾಗಲೂ ಬರೆಯುತ್ತ ಹೋದರು. ಅದು ಸಂದೇಹದ ಮರ್ಯಾದೆ. ಅದೇ ನಾರ್ಳೀಕರ್ ಮಹಾರಾಷ್ಟ್ರದಲ್ಲಿ ಜ್ಯೋತಿಷಿಗಳನ್ನೂ ಪರೀಕ್ಷಿಸಿದರು. ಬುದ್ಧಿವಂತ ಮಕ್ಕಳ, ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಕಲೆಸಿ ಕೊಟ್ಟು ಬೇರ್ಪಡಿಸಲು ಹೇಳಿದರು. ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ ಇನ್ನೂ ಸ್ವಲ್ಪ ಚೆನ್ನಾಗಿ ಬರುತ್ತಿತ್ತೇನೋ. ನಾರ್ಳೀಕರ್ ಬೇಕು ಎನ್ನುವವರು ಇಡೀ ನಾರ್ಳೀಕರ್ ಅವರನ್ನು ಕರೆದುಕೊಳ್ಳಲಿ.

ನಾವು ಮಾತಾಡುತ್ತ ಕೂತ ಆ ಗುಡ್ಡದಿಂದ ಬೆಂಗಳೂರು ದೂರವಿಲ್ಲ. ಅಲ್ಲಿಯ ರಾಮನ್ ಸಂಶೋಧನಾ ಸಂಸ್ಥೆಯವರು ಮಾಡಿದ ಒಂದು ಕೆಲಸವನ್ನು ಗೆಳೆಯರಿಗೆ ಹೇಳಿದೆ. 2018ರಲ್ಲಿ ಎಡ್ಜಸ್ ಎಂಬ ಪ್ರಯೋಗದ ತಂಡವೊಂದು ದೊಡ್ಡ ಸುದ್ದಿ ಮಾಡಿತು. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಆಂಟೆನಾದಲ್ಲಿ, ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ರೇಡಿಯೊ ಗುರುತು 78 ಮೆಗಾಹರ್ಟ್ಸ್ ಸುತ್ತ ಸಿಕ್ಕಿದೆ ಎಂದಿತು. ಗುರುತು ಎಣಿಸಿದ್ದಕ್ಕಿಂತ ಎರಡು ಪಟ್ಟು ಆಳವಾಗಿತ್ತು. ಹೊಸ ಭೌತಶಾಸ್ತ್ರವೇ ಬೇಕು ಎಂದು ಜಗತ್ತಿನಲ್ಲೆಲ್ಲ ಪ್ರಬಂಧಗಳು ಬಂದವು. ನಮ್ಮವರು ಅನುಮಾನಪಟ್ಟರು. ನೆಲದೊಳಗಿನ ಪದರಗಳೇ ಆಂಟೆನಾಗೆ ಮೋಸ ಮಾಡಿರಬಹುದಲ್ಲ? ನೆಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ನೀರು ಇರುತ್ತದೆ. ಹಾಗೆಂದು ಸರಸ್ ಎಂಬ ತಮ್ಮ ಉಪಕರಣವನ್ನು ತೆಪ್ಪದ ಮೇಲಿಟ್ಟು ನೀರಿಗೆ ಇಳಿಸಿದರು. 2020ರ ಮೊದಲ ತಿಂಗಳುಗಳಲ್ಲಿ, ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ. ಎಫ್‌ಎಂ ರೇಡಿಯೊದ ಗದ್ದಲಕ್ಕೆ ಪಕ್ಕದಲ್ಲೇ ಇರುವ ಆ ಮಂದ ದನಿಯನ್ನು ಹಿಡಿಯಲು ಊರು ಬಿಟ್ಟು ದೂರ ಹೋಗಿ ರಾತ್ರಿಗಳನ್ನು ಕಳೆದರು. 2022ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟವಾಯಿತು: ಆ ಗುರುತು ನಮಗೆ ಕಾಣಲಿಲ್ಲ, ನೂರಕ್ಕೆ 95.3ರಷ್ಟು ಖಚಿತವಾಗಿ ಅದನ್ನು ತಳ್ಳಿಹಾಕುತ್ತೇವೆ.

ಇದು ಕರ್ನಾಟಕದ ಕೆರೆಯ ಮೇಲೆ ತೇಲಿದ ಸಂದೇಹ. ಜಗತ್ತೇ ಚಪ್ಪಾಳೆ ತಟ್ಟಿದ ವಿಶ್ವದ ಕಥೆಯೊಂದಕ್ಕೆ "ಇಲ್ಲ" ಎಂದ ಸಂದೇಹ. ಅದು "ಯಾರು ಕಂಡವರು" ಎಂದು ಕೇಳಿ ನಗಲಿಲ್ಲ, ನಾವು ನೋಡುತ್ತೇವೆ ಎಂದು ತೆಪ್ಪ ಕಟ್ಟಿತು. ಇಷ್ಟು ಖಚಿತ, ಇಷ್ಟು ಅಲ್ಲ ಎಂದು ತನ್ನ ಅನುಮಾನಕ್ಕೂ ಅಳತೆ ಹಾಕಿತು. ಹಾಗೆ ಮಾಡಿದ್ದರಿಂದ ವಿಶ್ವದ ಉಗಮದ ಕಥೆ ಕುಸಿಯಲಿಲ್ಲ, ಅದರೊಳಗಿನ ಒಂದು ಕಾಳು ಜೊಳ್ಳೆಂದು ಗೊತ್ತಾಯಿತು, ಅಷ್ಟೇ. ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಯಾಕಯ್ಯ ನಮ್ಮ ಸ್ಕೂಲಲ್ಲಿ ಹೇಳೋದಿಲ್ಲ?" ಎಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಕೊನೆಯದಾಗಿ ಹೆಮ್ಮೆಯ ವಾದ. "ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ." ಯುರೋಪಿನ ಪಂಡಿತರು ಜಗತ್ತಿಗೆ ಆರು ಸಾವಿರ ವರ್ಷವಾಯಿತು ಎಂದು ಎಣಿಸುತ್ತಿದ್ದಾಗಲೂ ಕೋಟಿಗಳಲ್ಲಿ ಕಾಲವನ್ನು ಕಲ್ಪಿಸಿಕೊಳ್ಳುವ ಎದೆ ನಮ್ಮ ಪುರಾಣಕಾರರಿಗಿತ್ತು, ಅದಕ್ಕೆ ನನ್ನ ನಮಸ್ಕಾರ. ಆದರೆ 1380 ಕೋಟಿಗೆ "ಯಾರು ಕಂಡವರು" ಎಂದು ಕೇಳುವ ಬಾಯಿ 432 ಕೋಟಿಗೆ ಏಕೆ ಕೇಳುವುದಿಲ್ಲ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಾಕುವುದು ಸಂದೇಹವಲ್ಲ, ಪಕ್ಷಪಾತ. ಪರಂಪರೆಯ ಹೆಸರು ಹೇಳುವುದಾದರೆ ಋಗ್ವೇದದ ನಾಸದೀಯ ಸೂಕ್ತವೂ ಪರಂಪರೆಯೇ. ಈ ಸೃಷ್ಟಿ ಎಲ್ಲಿಂದ ಬಂತೋ ಯಾರಿಗೆ ಗೊತ್ತು ಎಂದು ಕೇಳಿ, ಮೇಲಿನಿಂದ ನೋಡುವವನಿಗಾದರೂ ಗೊತ್ತೋ ಇಲ್ಲವೋ ಎಂದು ನಿಲ್ಲಿಸುವ ಸೂಕ್ತ ಅದು. ಅದರ ಅನುಮಾನ ದೇವರ ಬಾಗಿಲಲ್ಲೂ ಚಪ್ಪಲಿ ಬಿಟ್ಟು ನಿಲ್ಲುವುದಿಲ್ಲ. ನಮ್ಮವರ ಅನುಮಾನ ಪ್ರಯೋಗಾಲಯದ ಬಾಗಿಲಲ್ಲಿ ಮಾತ್ರ ಗುಟುರು ಹಾಕುತ್ತದೆ.

ರಾಮದೇವರ ಬೆಟ್ಟಕ್ಕೆ ರಾಮನ ಕಥೆಯಿದೆ, ಮೇಕೆದಾಟಿಗೆ ಮೇಕೆ ಹಾರಿದ ಕಥೆಯಿದೆ. ಅವನ್ನು ಕಿತ್ತುಕೊಳ್ಳಲು ನಾನು ಬಂದಿಲ್ಲ. ಬೆಟ್ಟ ದೊಡ್ಡದು, ಅದರ ಮೇಲೆ ಒಂದು ಕಥೆಗೂ ಒಂದು ಲೆಕ್ಕಕ್ಕೂ ಜಾಗವಿದೆ. ಕಥೆಯನ್ನು ಲೆಕ್ಕ ಎಂದು ತೋರಿಸಬೇಡಿ, ಲೆಕ್ಕವನ್ನು ಬರಿಯ ಕಥೆ ಎಂದು ತಳ್ಳಬೇಡಿ, ಇಷ್ಟೇ ನಾನು ಕೇಳುವುದು.

ಇದರಿಂದ ಯಾರ ಗಂಟು ಹೋಗುತ್ತದೆ ಎಂದು ನೀವು ಕೇಳಬಹುದು. ವಿಶ್ವ ಹೇಗೆ ಹುಟ್ಟಿದರೂ ರಾಗಿ ಬೆಳೆಯುತ್ತದೆ, ಗೂಡು ಮಾರಾಟವಾಗುತ್ತದೆ. ಹೋಗುವುದು ಆ ಹುಡುಗಿಯದು. "ಬರೀರಿ, ನಂಬಬೇಡಿ" ಎಂದು ಕಲಿತವಳು ವಿಶ್ವದ ಪಾಠವನ್ನಷ್ಟೇ ಹಾಗೆ ಓದುವುದಿಲ್ಲ. ನಾಳೆ ಲಸಿಕೆಯ ಪಾಠವನ್ನೂ, ರಕ್ತಹೀನತೆಯ ಪಾಠವನ್ನೂ, ಸಂವಿಧಾನದ ಪಾಠವನ್ನೂ ಅಂಕಕ್ಕೆ ಬರೆದು, ಬದುಕಿಗೆ ಬೇರೇನನ್ನೋ ನಂಬುತ್ತಾಳೆ. ಓದಿಗೂ ಬದುಕಿಗೂ ನಡುವೆ ಗೋಡೆ ಕಟ್ಟಿಸಿದ ಮೇಸ್ತ್ರಿ ನಾನು. ಅವಳ ಅಪ್ಪ ನಗುತ್ತಾ ಕೇಳಿದ ಪ್ರಶ್ನೆಗೆ ಇಟ್ಟಿಗೆ ಕೊಟ್ಟವನೂ ನಾನೇ.

ಆವತ್ತು ಅವಳಿಗೆ ಹೇಳಿದೆ: "ಆ ಮಾತು ತಪ್ಪಮ್ಮ. ಪರೀಕ್ಷೆಗೆ ಬರಿ. ಆಮೇಲೆ ನಿಮ್ಮ ಮೇಷ್ಟ್ರನ್ನ, ಇದು ಹೇಗೆ ಗೊತ್ತಾಯಿತು ಅಂತ ಕೇಳು. ಉತ್ತರ ಬರದಿದ್ದರೆ ನನಗೆ ಫೋನ್ ಮಾಡು."

ಅವಳು ಮೂರು ವಾರ ಬಿಟ್ಟು ಫೋನ್ ಮಾಡಿದಳು. ಪ್ರಶ್ನೆ ಕೇಳಿದ್ದಳಂತೆ. "ಸಿಲಬಸ್‌ನಲ್ಲಿ ಇಲ್ಲ" ಎಂದರಂತೆ. ಮುಂದಿನ ಭಾನುವಾರ ಅಪ್ಪ, ಮಗಳು ಇಬ್ಬರೂ ನನ್ನ ಮನೆಗೆ ಬರುತ್ತಿದ್ದಾರೆ. ಅಟ್ಟದ ಮೇಲೆ ಹಳೆಯ ಪೋರ್ಟಬಲ್ ಟಿವಿಯೊಂದಿದೆ, ಇನ್ನೂ ಹೊತ್ತಿಕೊಳ್ಳುತ್ತದೆ. ಮೊದಲು ಆ ಇರುವೆಗಳನ್ನು ತೋರಿಸುತ್ತೇನೆ. ಅವುಗಳಲ್ಲಿ ಎಷ್ಟು ಪಾಲು ಆಕಾಶದ್ದು, ಎಷ್ಟು ಪಾಲು ಟಿವಿಯದೇ ಸದ್ದು ಎಂದು ಅವಳು ಕೇಳಿಯೇ ಕೇಳುತ್ತಾಳೆ. ಕೇಳಲಿ ಎಂದೇ ಕರೆದಿದ್ದೇನೆ.